ಮೊದಲ ಕಯಾಕ್ ಅವಳದೇ

"ರೀ, ಹಿಂದಕ್ಕೆ ಬನ್ನಿ. ನಾನಿನ್ನೂ ಒಳಗೆ ಹೋಗಿ ನೋಡಿಲ್ಲ."

ಕಡಲ ಗುಹೆಯ ಬಾಯಲ್ಲಿ ತನ್ನ ಕಯಾಕ್ ದೋಣಿಯನ್ನು ಅವನದಕ್ಕೆ ಅಡ್ಡ ಹಾಕಿ ಗೈಡ್ ಗದರಿದಳು. ಅವನು ಸುರಕ್ಷತೆಯ ಇನ್ಸ್‌ಪೆಕ್ಟರ್. ಅವನು ಸರಿ ಅಂದರೆ ಮಾತ್ರ ಈ ವರ್ಷ ಗುಹೆ ಪ್ರವಾಸ ನಡೆಯುತ್ತದೆ.

ಆಗಿದ್ದರೇನಂತೆ? ದಿನಾ ಬೆಳಗ್ಗೆ ಅವಳೊಬ್ಬಳೇ ಒಳಗೆ ಹೋಗಿ ಅಲೆ ನೋಡಿ ಬರಬೇಕು, ಆಮೇಲೆಯೇ ಬೇರೆಯವರು. ಅಪ್ಪನ ಕಾಲದಿಂದ ನಡೆದು ಬಂದ ಪದ್ಧತಿ ಅದು.

"ಒಳಗೆ ನೀವೇ ಸಿಕ್ಕಿಹಾಕಿಕೊಂಡ್ರೆ?"

"ಹನ್ನೊಂದು ವರ್ಷದಿಂದ ಸಿಕ್ಕಿಹಾಕಿಕೊಂಡಿಲ್ಲ. ನಿಮಗೋಸ್ಕರ ಇವತ್ತು ಸಿಕ್ಕಿಹಾಕಿಕೊಳ್ಳಲಾ?"

ಅವನು ನಕ್ಕುಬಿಟ್ಟ. ಅಯ್ಯೋ, ಆ ನಗು ನೋಡಿ ಅವಳಂಥವಳೂ ಹುಟ್ಟು ಹಾಕುವುದನ್ನು ಮರೆತಳು ಅಂದರೆ ನೀವು ನಂಬಲೇಬೇಕು!

ಆರು ದಿನ ಇಬ್ಬರೂ ಬಂಡೆಗಳ ಸಾಲಿನುದ್ದಕ್ಕೂ ಸುತ್ತಿದರು. ಅವಳು ಒಳಗೆ ಹೋದಾಗಲೆಲ್ಲ ಅವನು ಹೊರಗೆ ಗಡಿಯಾರ ನೋಡುತ್ತಿದ್ದ. ಅವಳು ಹೊರಬಂದರೆ ಅವನ ಮುಖಕ್ಕೆ ಕಳೆ ಬರುತ್ತಿತ್ತು. ಅವಳು ಅದನ್ನು ಕಂಡೂ ಕಾಣದ ಹಾಗಿದ್ದಳು ಅಷ್ಟೇ.

ಏಳನೇ ದಿನ ದೋಣಿ ಶೆಡ್ಡಿನ ಮೇಜಿನ ಮೇಲೆ ಅವನ ವರದಿ ತೆರೆದಿತ್ತು. ಪುಟದ ಕೊನೆಯ ಸಾಲು: 'ಈಗಿನ ರೀತಿಯಲ್ಲಿ ಪ್ರವಾಸ ನಡೆಸುವುದನ್ನು ನಿಲ್ಲಿಸಬೇಕು.'

ಅವಳು ಅದನ್ನು ಎರಡು ಸಲ ಓದಿದಳು. ಅಪ್ಪ ಕಟ್ಟಿದ ಕೆಲಸ, ಅದನ್ನೇ ನಂಬಿಕೊಂಡಿರೋ ಅಕ್ಕನ ಸಂಸಾರ... ನಮ್ಮ ಅನ್ನಕ್ಕೆ ಕಲ್ಲು ಹಾಕೋಕೇ ಇಷ್ಟು ದಿನ ನಗ್ತಾ ಜೊತೆಗಿದ್ದನಾ?

ಅವನು ಒಳಗೆ ಬಂದ.

"ನಿಮ್ಮನ್ನ ನಂಬಿದ್ದೆ," ಎಂದಳು. "ತಪ್ಪು ನಂದೇ. ಆದ್ರೆ ಅಳುತ್ತಾ ಕೂರೋಳಲ್ಲ ನಾನು. ನಿಮ್ಮ ಆಫೀಸಿಗೇ ಬಂದು ವಾದ ಮಾಡ್ತೀನಿ."

"ಧಾರಾಳವಾಗಿ ಬನ್ನಿ. ಮೊದಲು ಪುಟ ತಿರುಗಿಸಿ."

ತಿರುಗಿಸಿದಳು. 'ಗುಹೆಗಳಲ್ಲಿ ಬೇರೆ ಅಪಾಯವಿಲ್ಲ. ಗೈಡ್ ಒಬ್ಬರೇ ಮೊದಲು ಒಳಹೋಗುವ ಪದ್ಧತಿ ಮಾತ್ರ ತಪ್ಪು. ಜೊತೆಗೆ ಇನ್ನೊಂದು ಕಯಾಕ್ ಇದ್ದರೆ ಪ್ರವಾಸ ಮುಂದುವರಿಸಬಹುದು.'

ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು.

"ವರದಿ ಇವತ್ತು ಕಳಿಸ್ತೀನಿ. ಮುಂದಿನ ವರ್ಷದಿಂದ ಇಲ್ಲಿನ ತಪಾಸಣೆ ಬೇರೆಯವರಿಗೆ ವಹಿಸಿ ಅಂತಾನೂ ಬರೆದುಕೊಟ್ಟಿದ್ದೀನಿ," ಎಂದ ಅವನು. "ನೀವು ಒಳಗಿರೋ ನಾಲ್ಕು ನಿಮಿಷ ನನ್ನ ಜೀವ ಕೈಯಲ್ಲಿರುತ್ತೆ. ನಿಮ್ಮನ್ನ ಅಷ್ಟು ಇಷ್ಟಪಟ್ಟಿದ್ದೀನಿ."

"ನನಗೂ ನೀವು ಇಷ್ಟ," ಅವಳು ತಡಮಾಡಲಿಲ್ಲ. "ಉಳಿದ ದಿನಕ್ಕೆ ಇನ್ನೊಬ್ಬ ಗೈಡನ್ನ ಇಟ್ಕೋತೀನಿ. ಭಾನುವಾರ ನನ್ನ ಹಿಂದೆ ಬರೋ ಕಯಾಕ್ ನಿಮ್ಮದು."

"ಬರೀ ಭಾನುವಾರನಾ?"

"ಗುಹೆಗೆ ಭಾನುವಾರ ಸಾಕು. ಮನೆಗೆ ಎಲ್ಲಾ ದಿನಕ್ಕೂ ಬಂದುಬಿಡಿ."

ಅವನು ಅವಳ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಬಂದೆ ಅಂತಲೇ ತಿಳ್ಕೊಳ್ಳಿ."