ಬಿಸಿಯಂಗಿಯ ಗುಂಡಿ

ಟೀಚರಮ್ಮ ದಿಸ್ಕಿತ್‌ರನ್ನು ಕರೆತರುತ್ತಿದ್ದ ಗಾಡಿ ದಾರಿಯಲ್ಲಿ ಕೆಟ್ಟು ನಿಂತು ಎರಡು ತಾಸಾಗಿತ್ತು. ಹೊರಗೆ ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗೆ, ಮೇಲೆ ಹಿಮಗಾಳಿ ಬೇರೆ. ಆದರೂ ಲಡಾಖಿನ ಸಂಶೋಧನಾ ಕೇಂದ್ರದ ಪರದೆಯಲ್ಲಿ ಚಾಲಕ ಮಾಂತೇಶನ ಅಂಗಿ ಕಳಿಸುತ್ತಿದ್ದ ಮೈಕಾವು ಮೂವತ್ತೇಳು ಡಿಗ್ರಿ ಅಂತಲೇ ತೋರಿಸುತ್ತಿತ್ತು. ಬಿಸಿಯಂಗಿ ತನ್ನ ಕೆಲಸ ಮಾಡುತ್ತಿತ್ತು.

2061ರ ಹೊತ್ತಿಗೆ ಆ ಕಣಿವೆಯಲ್ಲಿ ಬಿಸಿಯಂಗಿ ಇಲ್ಲದವರೇ ಇರಲಿಲ್ಲ. ಅದರ ಎಳೆಗಳೊಳಗೆ ಒಂದು ಬಗೆಯ ಮೇಣ. ಕರಗುವಾಗ ಕಾವು ನುಂಗುತ್ತದೆ, ಗಟ್ಟಿಯಾಗುವಾಗ ಉಗುಳುತ್ತದೆ. ಇಷ್ಟೇ ವಿದ್ಯೆ. ಇದನ್ನು ಸಾಧಿಸಲು ಗದಗಿನ ಡಾ. ವಿಶಾಲಾಕ್ಷಿ ಹೂಗಾರರಿಗೆ ಹನ್ನೊಂದು ವರ್ಷ ಹಿಡಿಯಿತು, ಆ ಮಾತು ಬೇರೆ. ಅಂಗಿ ಬಂದ ಮೇಲೆ ಚಳಿಗೆ ಬೆರಳು ಕಳೆದುಕೊಂಡವರ ಸುದ್ದಿಯೇ ನಿಂತುಹೋಗಿತ್ತು. ಅದಕ್ಕೇ ರಕ್ಷಣಾ ತಂಡದವರು, "ಅಂಗಿ ಇದೆಯಲ್ಲ ಮೇಡಂ, ಗಾಳಿ ನಿಂತ ಮೇಲೆ ಹೋದರಾಯಿತು" ಎಂದು ಚಹಾ ಕುಡಿಯುತ್ತ ಕೂತಿದ್ದರು.

ವಿಶಾಲಾಕ್ಷಿಗೆ ಮಾತ್ರ ಮನಸ್ಸು ತಡೆಯಲಿಲ್ಲ. ಮಾಂತೇಶ ಮುಂಡರಗಿಯವ, ತಮ್ಮನ ಹಾಗಿದ್ದವ. ವೈರ್‌ಲೆಸ್ ಎತ್ತಿದರು.

"ಮಾಂತೇಶಾ, ಹೆಂಗದೀಯಪ್ಪಾ?"

"ಆರಾಮ್ರೀ ಅಕ್ಕಾರ." ಮಾತು ತೊದಲುತ್ತಿತ್ತು. "ಸೆಕಿ ಆಗಾಕತ್ತೈತ್ರಿ. ಸ್ವೆಟರ್ ತಗೀತೀನ್ರಿ."

ವಿಶಾಲಾಕ್ಷಿ ಎದ್ದು ನಿಂತರು. ಅಂಥ ಚಳಿಯಲ್ಲಿ ನಡುಕ ನಿಂತು ಸೆಕೆ ಅನ್ನಿಸಿದರೆ ಮೈ ಸೋಲುತ್ತಿದೆ ಎಂದೇ ಅರ್ಥ.

"ತಗದ್ರ ನೋಡು ಮತ್ತ! ಅಂಗಿ ಎಲ್ಲೈತೋ?"

"ದಿಸ್ಕಿತ್ ಬಾಯಾರು ನಡುಗಾಕತ್ತಿದ್ರು. ಅವರ ಅಂಗಿ ಒಗ್ಯಾಕ ಹಾಕ್ಯಾರಂತ. ನಂದು ಕೊಟ್ಟೇನ್ರಿ. ನನಗೇನ್ರಿ, ರೂಢಿ ಐತಿ."

ಅಯ್ಯೋ ಶಿವನೇ! ಪರದೆ ಇಷ್ಟು ಹೊತ್ತೂ ತೋರಿಸಿದ್ದು ಹಿಂದಿನ ಸೀಟಿನ ಮುದುಕಿ ಟೀಚರಮ್ಮನ ಕಾವು.

"ಏಳ್ರೋ!" ಎಂದು ಕಿರುಚಿದ ವಿಶಾಲಾಕ್ಷಿ ತಾವೇ ಹಿಮಗಾಡಿ ಹತ್ತಿದರು. ದಾರಿಯುದ್ದಕ್ಕೂ ವೈರ್‌ಲೆಸ್‌ನಲ್ಲಿ ದಿಸ್ಕಿತ್‌ಗೆ ಹಿಂದಿಯಲ್ಲಿ ಹೇಳುತ್ತಲೇ ಇದ್ದರು: ಕೈಕಾಲು ತಿಕ್ಕಬೇಡಿ, ಹೆಂಡ ಕುಡಿಸಬೇಡಿ, ಒದ್ದೆ ಬಟ್ಟೆ ತೆಗೆಯಿರಿ, ಒಂದೇ ಕಂಬಳಿಯೊಳಗೆ ಅವನನ್ನು ತಬ್ಬಿಕೊಳ್ಳಿ, ಮಲಗಲು ಬಿಡಬೇಡಿ. ಇವರು ಅಲ್ಲಿಗೆ ಮುಟ್ಟಿದಾಗ ಆ ತಾಯಿ ಅಂಗಿಯ ಗುಂಡಿ ಬಿಚ್ಚಿ ಅವನನ್ನು ಎದೆಗವಚಿಕೊಂಡು, ಮಗ್ಗಿ ಕೇಳುತ್ತ ಎಚ್ಚರವಿರಿಸಿದ್ದರು. ಮಾಂತೇಶ ಬದುಕಿದ. ಎಡಗೈಯ ಎರಡು ಬೆರಳು ಹೋದವು. ಆಸ್ಪತ್ರೆಯಲ್ಲಿ ಆ ಕೈ ಹಿಡಿದು ವಿಶಾಲಾಕ್ಷಿ ಗಳಗಳನೆ ಅತ್ತರು. "ನನ್ನ ಅಂಗಿ ನಂಬಿ ನಿನ್ನ ಮಾತಾಡಸೋದ ಬಿಟ್ಟಿದ್ವಿ ನೋಡಪ್ಪಾ."

ಮುಂದಿನ ಚಳಿಗಾಲಕ್ಕೆ ಅಂಗಿ ಬದಲಾಯಿತು. ಮೈಯಿಂದ ಕಳಚಿದರೆ ಅದು ನಿಂತುಬಿಡುತ್ತದೆ. ಮತ್ತೆ ಶುರುವಾಗಬೇಕಾದರೆ ಇನ್ನೊಬ್ಬರು ಎದೆಯ ಗುಂಡಿ ಹಾಕಿ, ಹೆಸರು ಹಿಡಿದು "ಹೇಗಿದ್ದೀ?" ಎಂದು ಕೇಳಬೇಕು. ಅಂಗಿ ತಯಾರಿಸುವ ಕಂಪನಿಯವರು ಇದೆಂಥ ರಗಳೆ ಎಂದು ಗೊಣಗಿದರು. ಈಗ ಕಣಿವೆಯಲ್ಲಿ ಬೆಳಗಾದರೆ ಜಗಳವಾಡಿಕೊಂಡ ಗಂಡಹೆಂಡಿರೂ ಬಾಗಿಲಲ್ಲಿ ನಿಂತು ಒಬ್ಬರಿಗೊಬ್ಬರು ಗುಂಡಿ ಹಾಕುತ್ತಾರೆ.

ಆ ಅಂಗಿ ನಮ್ಮ ಕಾಲಕ್ಕೆ ಇನ್ನೂ ಬಂದಿಲ್ಲ. ನಡುಗುತ್ತಿದ್ದವರು ನಡುಗುವುದನ್ನು ನಿಲ್ಲಿಸಿದರೆ ನಾವು ಇವತ್ತಿಗೂ, "ಸದ್ಯ, ಹೊಂದಿಕೊಂಡರು" ಎಂದುಕೊಂಡು ಮುಂದೆ ಹೋಗುತ್ತೇವೆ.