ತಾರೀಖ ನೋಡಿ ಕಟ್ಟಿದ ರೆಕ್ಕೆ

"ರೆಕ್ಕಿ ಬಂದಾವ್ರಿ!" ಎನ್ನುತ್ತ ನಿಶಾತ ರಟ್ಟಿನ ಡಬ್ಬಿಯನ್ನು ಅಯ್ಯೂಬನ ಹೊಲಿಗೆ ಮಶೀನಿನ ಪಕ್ಕ ದೊಪ್ಪನೆ ಇಟ್ಟಳು. ರೆಕ್ಕೆಯ ಮಾತು ಹಾಗಿರಲಿ, ಅವಳ ನಗು ಕಂಡೇ ಅವನ ಕೈಯಲ್ಲಿದ್ದ ಸೂಜಿ ದಾರ ತಪ್ಪಿತು.

ಲಕ್ಷ್ಮೇಶ್ವರದ ಬಜಾರದಲ್ಲಿ ಅವನ ಅಂಗಡಿ ಅಬ್ಬಾ ಮಹಬೂಬಸಾಬರು ಹಾಕಿ ಮಗನ ಕೈಗೆ ಬಿಟ್ಟದ್ದು. ಎತ್ತಿಗೆ ಗೆಜ್ಜೆಪಟ್ಟಿ, ಕುದುರೆಗೆ ಜೀನು, ಈಗೀಗ ಶಾಲೆಯ ಬ್ಯಾಗು, ಟ್ರ್ಯಾಕ್ಟರ್ ಸೀಟಿನ ಕವರು. ನಿಶಾತ ಅಡರಕಟ್ಟಿಯವಳು. ಸಿಂಗಟಾಲೂರಿನ ನಾನಿಯ ಮನೆಯಲ್ಲಿ ಬೆಳೆದು, ಹೊಳೆಯಲ್ಲಿ ಈಜು ಕಲಿತು, ಈಗ ಗದಗಿನಲ್ಲಿ ಹುಡುಗಿಯರಿಗೆ ಈಜು ಹೇಳಿಕೊಡುತ್ತಿದ್ದಳು. ಒಮ್ಮೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಸಮುದ್ರದಲ್ಲಿ ಮುಳುಗುವ ಸ್ಕೂಬಾ ಮಾಡಿ ಬಂದಿದ್ದೇ ಬಂದಿದ್ದು, ಅದೇ ಹುಚ್ಚು ಹತ್ತಿತ್ತು.

ತಿಂಗಳ ಹಿಂದೆ ಅದೇ ಬ್ಯಾಗಿಗೆ ಎರಡನೇ ಸಲ ಜಿಪ್ ಹಾಕಿಸಲು ಬಂದವಳು ಫೋನಿನಲ್ಲಿ ಚಿತ್ರ ತೋರಿಸಿದ್ದಳು.

"ಇದು ಬ್ಯಾಕ್‌ಪ್ಲೇಟ್ ರಿ. ಬೆನ್ನಿಗೆ ಈ ತಗಡು, ಅದರ ಹಿಂದ ವಿಂಗ್, ಅಂದ್ರ ಗಾಳಿ ತುಂಬೂ ರೆಕ್ಕಿ. ಅದರ ಹಿಂದ ಸಿಲಿಂಡರ್. ಗಾಳಿ ತುಂಬಿದ್ರ ಮ್ಯಾಲ, ಬಿಟ್ರ ಕೆಳಗ. ರೆಕ್ಕಿ ಸಣ್ಣದ ಸಾಕು, ಒಂದ ಸಿಲಿಂಡರ್ ಅಲ್ಲೇನು. ತಗಡು ಮಾತ್ರ ಸ್ಟೀಲ್ ತೊಗೊಳ್ಲೊ, ಅಲ್ಯೂಮಿನಿಯಮ್ ತೊಗೊಳ್ಲೊ ತಿಳೀವಲ್ದು."

"ಅಲ್ಯೂಮಿನಿಯಮ್ ಹಗರ ಅಲ್ಲೇನ್ರಿ?"

"ಹಗರ ಖರೆ. ಆದ್ರ ಮುಳುಗಾಕ ನಡಕ್ಕ ಸೀಸ ಹೆಚ್ಚಿಗಿ ಕಟ್ಗೋಬೇಕು."

"ಹೆಂಗೂ ಹೊರೂದ ಐತಿ ಅಂದ್ರ ಸೀಸ ಯಾಕ ಹೊರ್ತೀರಿ? ತಗಡ ಗಟ್ಟಿದು ತೊಗೋರಿ. ಭಾರ ಬೆನ್ನ ಮ್ಯಾಲ ಸಮಾ ಕುಂತ್ರ ಎತ್ತಿಗೂ ಗೊತ್ತಾಗಂಗಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅವಳು ಹುಬ್ಬೇರಿಸಿ, "ನನಗ ಎತ್ತು ಅಂದ್ರಿ?" ಎಂದು ಕೇಳಿ, ಅವನು ಕೆಂಪಾಗುವುದನ್ನು ಪುರಸೊತ್ತಿನಿಂದ ನೋಡಿ, ಸ್ಟೀಲನ್ನೇ ತರಿಸಿದ್ದಳು. ಅಂದಿನಿಂದ ಅಯ್ಯೂಬ ಅಡರಕಟ್ಟಿ ಬಸ್ಸಿನ ಹಾರ್ನು ಕೇಳಿದರೆ ಸಾಕು, ತಲೆ ಬಾಚಿಕೊಳ್ಳುತ್ತಿದ್ದ.

ಈಗ ಡಬ್ಬಿಯಿಂದ ಒಂದೊಂದೇ ಹೊರಬಂದವು: ಹೊಳೆಯುವ ತಗಡು, ಕಪ್ಪು ರೆಕ್ಕೆ, ಪಟ್ಟಿಗೆ ಪೋಣಿಸುವ ಸ್ಟೀಲಿನ ಬಳೆಗಳು, ಬಕಲ್, ಕೋಲಿನಂತೆ ಬಿರುಸಾದ ಉದ್ದನೆಯ ನೈಲಾನ್ ಪಟ್ಟಿ.

"ಹೆಗಲಿಗೂ ನಡಕ್ಕೂ ಇದೊಂದ ಪಟ್ಟಿ. ನಡುವ ತುಂಡಾಗಬಾರದು. ಮೂರು ಸಲ ಪೋಣಿಸಿದೆ, ಮೂರೂ ಸಲ ತಿರುಗಾಮುರುಗಾ ಆತು. ನೀವ ಮಾಡಿ ಕೊಡ್ರಿ."

"ಅಳತಿ?" ಎಂದು ಅಯ್ಯೂಬ ಟೇಪು ಹಿಡಿದ. ಅಷ್ಟರಲ್ಲಿ ಬಸ್ಸು ಹಾರ್ನು ಹೊಡೆಯಿತು.

ಓಡುತ್ತಲೇ ಅವಳು ಕೂಗಿದಳು: "ನಂಗ ತಾರೀಖ ಫಿಕ್ಸ್ ಆಗೇತ್ರಿ! ತಾರೀಖ ನೋಡ್ಕೊಂಡ ಮಾಡ್ರಿ, ಆತಿಲ್ಲೊ?"

ಅಯ್ಯೂಬ ಟೇಪು ಹಿಡಿದುಕೊಂಡೇ ನಿಂತ. ತಾರೀಖ! ಮುಂಡರಗಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಹಳೆಯ ಗೆಳೆಯ, ಬೀರುವಿನಷ್ಟು ಅಗಲದ ತಾರೀಖ. ಮೊನ್ನೆ ತಾನೇ ಶಿರಹಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ನಿಶಾತ ಅವನ ಬೈಕಿನಿಂದ ಇಳಿದದ್ದನ್ನು ಅಯ್ಯೂಬ ಕಣ್ಣಾರೆ ಕಂಡಿದ್ದ. ಹಾಗಾದರೆ ಮದುವೆ ಅವನೊಂದಿಗೇ ಫಿಕ್ಸ್, ಈ ರೆಕ್ಕೆ ಅವನಿಗೆ ಉಡುಗೊರೆ. ಪ್ರೀತಿಯಲ್ಲಿ ಬಿದ್ದವನಿಗೆ ಕೆಟ್ಟದ್ದನ್ನು ನಂಬಲು ಇಷ್ಟು ಸಾಕ್ಷಿ ಧಾರಾಳವಾಯಿತು.

ಮರುದಿನ ಮುಂಡರಗಿಗೇ ಹೋಗಿ ತಾರೀಖನ ಭುಜಕ್ಕೆ ಟೇಪು ಹಾಕಿದ.

"ಏನಲೇ, ನನಗ ಜೀನು ಹಾಕ್ತಿಯೇನು? ಮದಿವಿ ಕೋಟಿಗೋ?"

"ಹೂಂ ಅನ್ಕೊ. ಸುಮ್ನ ನಿಂದ್ರಲೇ."

ತಾರೀಖ ಹಲ್ಲು ಕಿರಿದ. ಅಯ್ಯೂಬ ಅಳತೆ ಬರೆದುಕೊಂಡು ಬಸ್ಸು ಹತ್ತಿದ.

ಬೇಕೆಂದೇ ಕೆಲಸ ಕೆಡಿಸಬಹುದಿತ್ತು. ನೀರಿನ ಆಳದಲ್ಲಿ ಜೀವ ಹಿಡಿಯುವ ವಸ್ತು, ಕೈ ಒಪ್ಪಲಿಲ್ಲ. ತಗಡಿನ ಮೇಲಿನ ಸೀಳುಗಳಲ್ಲಿ ಪಟ್ಟಿ ತೂರಿಸಿ, ಹೆಗಲ ಮೇಲೆ ತಂದು, ಬಳೆ ಸೇರಿಸಿ, ಕೆಳಗಿನ ಸೀಳಿನಿಂದ ಸೊಂಟಕ್ಕೆ ಹಾಯಿಸಿ ಬಕಲ್ ಕೂಡಿಸಿದ. ರೆಕ್ಕೆಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಏಳದ್ದನ್ನು ನೋಡಿ ತಗಡಿಗೆ ಬಿಗಿದ. ಪಟ್ಟಿಯ ತುದಿಗಳನ್ನು ಮಾತ್ರ ಉದ್ದಕ್ಕೇ ಬಿಟ್ಟ. ತೊಟ್ಟ ಜೀವ ಹತ್ತು ಹೆಜ್ಜೆ ನಡೆಯದೆ ತುದಿ ಕತ್ತರಿಸಬಾರದು ಎಂಬುದು ಅಬ್ಬಾ ಕಲಿಸಿದ ಕಾಯಿದೆ.

ಗುರುವಾರ ನಿಶಾತ ನಾನಿ ಖೈರುನಬಿಯನ್ನು ಕರೆದುಕೊಂಡು ಬಂದಳು. ಅಜ್ಜಿ ಸ್ಟೂಲಿನ ಮೇಲೆ ಕುಳಿತು ಎಲೆ ಅಡಿಕೆ ತೆಗೆದರು. ನಿಶಾತ ಉಮೇದಿನಿಂದ ತಗಡನ್ನು ಬೆನ್ನಿಗೇರಿಸಿದಳು. ಪಟ್ಟಿಗಳು ಸರ್ರನೆ ಮೊಣಕೈಗೆ ಜಾರಿದವು.

"ಇದ್ಯಾರ ಅಳತಿರಿ? ಇದರಾಗ ನಾನೂ ನಾನಿಯೂ ಕೂಡೇ ಹಿಡೀತೀವಿ!"

"ತಾರೀಖಂದು."

"ಯಾವ ತಾರೀಖ?"

"ನಿಮ್ಮ ತಾರೀಖ. ಫಿಕ್ಸ್ ಆಗೇತಿ, ನೋಡ್ಕೊಂಡ ಮಾಡ್ರಿ ಅಂದ್ರಲ್ಲ. ಮುಂಡರಗಿಗೆ ಹೋಗಿ ನೋಡ್ಕೊಂಡ ಬಂದೀನಿ."

ಮೊದಲು ನಕ್ಕವರು ನಾನಿ. ಆಮೇಲೆ ನಿಶಾತ ಮಶೀನು ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ.

"ಹದಿನೈದನೇ ತಾರೀಖ ರೀ! ಮುರುಡೇಶ್ವರದಾಗ ಸ್ಕೂಬಾ ಕೆಲಸ ಸಿಕ್ಕೇತಿ, ಆರು ತಿಂಗಳದ್ದು. ಸೇರೂ ತಾರೀಖ ಅದು!"

"ಮತ್ತ ಶಿರಹಟ್ಟ್ಯಾಗ ಅವನ ಬೈಕು?" ಅಯ್ಯೂಬನ ಬಾಯಿ ತಪ್ಪಿ ಬಂದುಬಿಟ್ಟಿತು.

"ತಾರೀಖ ನನ್ನ ಗೆಳತಿ ಫರ್ಹಾನಾನ್ನ ಮದಿವಿ ಆಗಾವ. ಬಟ್ಟಿ ಆರಿಸಾಕ ಕರ್ಕೊಂಡ ಹೋಗಿದ್ದ." ಅವಳ ನಗು ನಿಂತಿತು. ತಲೆ ಓರೆ ಮಾಡಿ ಅವನನ್ನೇ ನೋಡಿದಳು. "ನಾ ಯಾರ ಬೈಕ್ ಮ್ಯಾಲ ಕುಂತಿದ್ದೆ ಅಂತ ನಿಮಗ್ಯಾಕರಿ ಅಷ್ಟು ಕಾಳಜಿ?"

ಅಯ್ಯೂಬ ಪಟ್ಟಿ ಬಿಚ್ಚಿದ. ಕೈ ಹಗುರಾಗಿ ಓಡುತ್ತಿತ್ತು. ಸುದೈವಕ್ಕೆ ಏನನ್ನೂ ಕತ್ತರಿಸಿರಲಿಲ್ಲ. "ಎಳೀರಿ. ಇನ್ನಷ್ಟು. ಹೆಗಲ ಪಟ್ಟಿ ಒಳಗ ನಾಲ್ಕು ಬೆರಳು ಆಡಬೇಕು" ಎಂದು ಅವನು ಹೇಳಿದಂತೆ ಅವಳೇ ಎಳೆದುಕೊಂಡಳು. ತಗಡು ಬೆನ್ನಿಗೆ ಒಪ್ಪವಾಗಿ ಕುಳಿತಿತು.

"ಇನ್ನ ಹತ್ತ ಹೆಜ್ಜಿ ನಡೀರಿ."

ಅವಳು ರಸ್ತೆಗಿಳಿದಳು. ಎದುರಿನ ಚಹಾದಂಗಡಿಯ ಸಕ್ರಪ್ಪ, "ಏನವಾ, ಹತ್ತಿ ಬೆಳಿಗೆ ಹುಳದ ಎಣ್ಣಿ ಹೊಡಿಯೂ ಪಂಪೇನು?" ಎಂದು ಕೇಳಿದ. ಎಂಟು, ಒಂಬತ್ತು, ಹತ್ತು. ಅವಳು ನಿಲ್ಲಲಿಲ್ಲ. ಹನ್ನೆರಡು, ಹದಿಮೂರು. ಸೋಮವಾರವೇ ಹದಿನೈದು ಎಂಬುದು ಅಯ್ಯೂಬನಿಗೆ ಆಗ ಹೊಳೆಯಿತು. ಈಗ ಬಾಯಿ ಬಿಡದಿದ್ದರೆ ಆಯಿತು, ಇನ್ನು ಆರು ತಿಂಗಳು ಅವಳು ಸಿಗುವುದಿಲ್ಲ.

"ನಿಶಾತ, ನಿಂದರ್ರಿ!" ಕತ್ತರಿ ಹಿಡಿದೇ ರಸ್ತೆಗೆ ಬಂದ. "ನೀವು ನನಗ ಭಾಳ ಸೇರ್ತೀರಿ. ತಾರೀಖನ ಅಳತಿ ತೊಗೊಂಡಾಗ ಜೀವ ಹೋದಂಗ ಆಗಿತ್ತು. ಆರು ತಿಂಗಳಾದ್ರೂ ನಾ ಕಾಯ್ತೀನ್ರಿ."

ಸಕ್ರಪ್ಪನ ಚಹಾ ಉಕ್ಕಿ ಒಲೆಗೆ ಸುರಿಯಿತು. ನಿಶಾತ ನಿಧಾನವಾಗಿ ತಿರುಗಿದಳು. ಕಿವಿಯ ತನಕ ಕೆಂಪಾಗಿದ್ದಳು.

"ಹದಿನಾರು ಹೆಜ್ಜಿ ನಡಿಸಿದ್ರಲ್ಲರಿ ಇದನ್ನ ಹೇಳಾಕ. ನಾ ಎರಡೆರಡು ಸಲ ಜಿಪ್ ಕಿತ್ಕೊಂಡ ಬಂದಿದ್ದು ನಿಮಗ ತಿಳೀಲೇ ಇಲ್ಲ?"

ನಾನಿ ಎಲೆ ಮಡಚುತ್ತ ಒಳಗಿನಿಂದಲೇ ಹೇಳಿದರು: "ಯಪ್ಪಾ, ತಾರೀಖ ಅಂದ್ರ ಏನು ಅಂತ ಈಗ ತಿಳಿತಲ್ಲ? ಅಬ್ಬಾನ್ನ ಕರ್ಕೊಂಡ ಸಿಂಗಟಾಲೂರಿಗೆ ಬಾ. ಒಂದು ತಾರೀಖ ನೋಡೂಣು."

ಅಯ್ಯೂಬ ಪಟ್ಟಿಯ ತುದಿ ಕತ್ತರಿಸಿದ. ಹನ್ನೆರಡು ವರ್ಷದ ಕಸುಬಿನಲ್ಲಿ ಮೊದಲ ಸಲ ಕತ್ತರಿ ಸೊಟ್ಟಗೆ ಹೋಯಿತು. ತಿದ್ದಲು ಹೋದ ಕೈಯನ್ನು ಅವಳು ತಡೆದಳು.

"ಇರ್ಲಿ ಬಿಡ್ರಿ. ನೀರಾಗ ಇದನ್ನ ನೋಡಿದಾಗೊಮ್ಮೆ ನಾ ನಗಬೇಕು."