ದೊಡ್ಡಮ್ಮನ ಹಣೆಯ ಕೆನಡಾ ನಾಣ್ಯ

ದೇಶದೇಶದ ಬೆಳ್ಳಿ ನಾಣ್ಯ ಕೂಡಿಡೋದು ನನ್ನ ಚಟ. ಹೋದ ವರ್ಷ ದೊಡ್ಡಮ್ಮ ಗುರುಶಾಂತಮ್ಮ ತೀರಿಕೊಂಡಾಗ, ಹಣೆಗೆ ಅಂಟಿಸೋಕೆ ಬೆಳ್ಳಿ ಬೇಕು ಅಂತ ನನ್ನ ಹೆಂಡತಿ ಸರ್ವಮಂಗಳ ನನ್ನನ್ನು ಕೇಳದೆ ನನ್ನ ಕೆನಡಾ ನಾಣ್ಯವನ್ನೇ ಕೊಟ್ಟುಬಿಟ್ಟಿದ್ದಳು. ಮೈಯೆಲ್ಲ ಉರಿದುಹೋಯಿತು.

ನಮ್ಮಲ್ಲಿ ಕೂರಿಸಿ ಮಣ್ಣು ಮಾಡೋದು. ಬೆಳಗೋಡಿನ ನಮ್ಮ ಕಾಫಿ ತೋಟದಲ್ಲಿ ದೊಡ್ಡಮ್ಮನನ್ನು ಗುಂಡಿಯೊಳಗೆ ಕೂರಿಸಿದಾಗ, ವಿಭೂತಿ ಸರಿಮಾಡೋ ನೆಪದಲ್ಲಿ ಆ ನಾಣ್ಯ ಕಿತ್ತುಕೊಂಡು ಒಂದು ರೂಪಾಯಿ ಅಂಟಿಸಿದೆ. ಯಾರೂ ನೋಡಲಿಲ್ಲ.

ಹನ್ನೊಂದನೇ ದಿನ ಮಧ್ಯಾಹ್ನ ಕಾಫಿ ಮೂಟೆ ಇಡೋ ಸ್ಟೋರಿಗೆ ಹೋಗಿ, ನಾಣ್ಯವನ್ನು ತೊಳೆದು ಡಬ್ಬಿಗೆ ಹಾಕಿ, ಅಲ್ಲಿದ್ದ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ತಿರುಗಿದರೆ ಸ್ಟೋರಿನ ಬಾಗಿಲು ಮುಚ್ಚಿತ್ತು. ಕಾಫಿ ವಾಸನೆ ಹೋಗಿ ಹಸಿಮಣ್ಣಿನ ವಾಸನೆ ಬಂತು. ಹೆಜ್ಜೆ ಇಟ್ಟರೆ ತಲೆಗೆ ಏನೋ ತಗುಲಿತು. ಬಗ್ಗಿದೆ, ಮತ್ತೂ ತಗುಲಿತು. ಕೊನೆಗೆ ಚಕ್ಕಳಮಕ್ಕಳ ಹಾಕಿ ಕೂತರಷ್ಟೇ ಜಾಗ. ಮೊಣಕಾಲಿನ ಎರಡೂ ಕಡೆ ತಣ್ಣನೆ ಮಣ್ಣು ಒತ್ತುತ್ತಿತ್ತು. ಕೂಗಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಎಷ್ಟು ಹೊತ್ತಾಯಿತೋ, ಎದುರಿಗೆ ಸರ್ವಮಂಗಳ ನಿಂತಿದ್ದಳು. "ಬಾಗಿಲು ತೆಗ್ದೇ ಐತಲ್ರೀ! ಊಟಕ್ಕೆ ಎಷ್ಟು ಕರೆದರೂ ಯಾಕೆ ಹಿಂಗೆ ಕೂತಿದ್ದೀರಿ?"

ಬೀರುವಿಗೆ ಹಾಕಿದ ಬೀಗ ಹಾಗೇ ಇತ್ತು. ತೆಗೆದು ನೋಡಿದೆ. ಡಬ್ಬಿಯೊಳಗೆ ವಿಭೂತಿ ಮೆತ್ತಿದ ಒಂದು ರೂಪಾಯಿ ಇತ್ತು.